ನನ್ನ ಪಟ್ಟಿಯಲ್ಲಿದ್ದ ‘ಇಲ್ಲ’

ಧಾರವಾಡದ ಕೋರ್ಟಿನಲ್ಲಿ ಎರಡು ವರ್ಷ ಜೂನಿಯರ್ ವಕೀಲೆಯಾಗಿದ್ದು, ಆಮೇಲೆ ಪಿಎಚ್‌.ಡಿ. ಮಾಡಲು ದಕ್ಷಿಣ ಆಫ್ರಿಕಾಕ್ಕೆ ಬಂದೆ. ಅಧಿಕಾರದಲ್ಲಿದ್ದಾಗ ಜನರನ್ನು ಕೊಲ್ಲಿಸಿದವರನ್ನು ಆಫ್ರಿಕಾದ ಕೋರ್ಟುಗಳೇ ವಿಚಾರಣೆ ಮಾಡಿದ ಪ್ರಕರಣಗಳು ನನ್ನ ವಿಷಯ. ದಿನದ ಕೆಲಸ ಅಂದರೆ ಓದುವುದು. ದೂರು, ಆದೇಶ, ಸಾಕ್ಷಿ ಹೇಳಿಕೆ, ತೀರ್ಪು. ಓದಿದ್ದನ್ನು ಒಂದು ದೊಡ್ಡ ಎಕ್ಸೆಲ್ ಪಟ್ಟಿಗೆ ತುಂಬುವುದು. ಒಂದೊಂದು ಸಾಲಿಗೆ ಒಂದೊಂದು ಪ್ರಕರಣ, ಒಂದೊಂದು ಕಾಲಮ್ಮಿಗೆ ಒಂದೊಂದು ಅಪರಾಧ. ಆರೋಪ ಇದ್ದರೆ ‘ಇದೆ’, ಇಲ್ಲದಿದ್ದರೆ ‘ಇಲ್ಲ’.

ಆ ಪಟ್ಟಿಯ ಒಂದು ಮನೆಯಲ್ಲಿ ನಾನು ಬರೆದ ‘ಇಲ್ಲ’ದ ಬಗ್ಗೆ ಹೇಳುತ್ತೇನೆ.

ಪ್ರಕರಣ ಹಿಸೇನ್ ಹಬ್ರೆಯದು. 1982ರಿಂದ 1990ರವರೆಗೆ ಚಾಡ್ ದೇಶವನ್ನು ಆಳಿದವನು. ಅವನ ಕೈಕೆಳಗೆ ಡಿಡಿಎಸ್ ಎಂಬ ರಾಜಕೀಯ ಪೊಲೀಸ್ ಪಡೆ ಇತ್ತು. ರಾಜಧಾನಿ ಎನ್ಜಮೀನಾದಲ್ಲಿ ಫ್ರೆಂಚರ ಕಾಲದ ಈಜುಕೊಳವೊಂದರ ಮೇಲೆ ಕಾಂಕ್ರೀಟ್ ಹಾಕಿ, ಒಳಗೆ ಕೋಣೆ ಕಟ್ಟಿ ಜೈಲು ಮಾಡಿದ್ದರು. ಹಬ್ರೆಯ ಕಾಲದಲ್ಲಿ 40,000 ಜನ ಸತ್ತಿರಬಹುದು ಎಂದು 1992ರಲ್ಲಿ ಚಾಡ್‌ನದೇ ಆಯೋಗ ಅಂದಾಜು ಮಾಡಿತು. ಅಷ್ಟರಲ್ಲಿ ಅವನು ಸೆನೆಗಲ್‌ಗೆ ಓಡಿಹೋಗಿ, ಅಲ್ಲಿನ ರಾಜಧಾನಿ ಡಾಕರ್‌ನಲ್ಲಿ ಆರಾಮಾಗಿ ನೆಲೆಸಿದ್ದ.

ಅವನನ್ನು ಕಟಕಟೆಗೆ ತಂದವರು ಸಂತ್ರಸ್ತರೇ. ಲೆಕ್ಕಪತ್ರ ಬರೆಯುತ್ತಿದ್ದ ಸುಲೇಮಾನ್ ಗೆಂಗೆಂಗ್ ಎರಡು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದು ಬದುಕಿ ಬಂದರು. ಬಂದವರು ಸುಮ್ನೆ ಕೂರಲಿಲ್ಲ. 792 ಜನರ ಹೇಳಿಕೆ ಬರೆಸಿಕೊಂಡು ಮನೆಯಲ್ಲಿ ಬಚ್ಚಿಟ್ಟರು. ಚಾಡ್‌ನ ವಕೀಲೆ ಜಾಕ್ಲೀನ್ ಮುದೇನಾ ಸಂತ್ರಸ್ತರ ಪರ ನಿಂತರು. 2001ರಲ್ಲಿ ಅವರ ಮೇಲೆ ಗ್ರೆನೇಡ್ ಎಸೆದರು, ಕಾಲಿಗೆ ಪೆಟ್ಟಾಯಿತು. ಅವರು ಕೇಸು ಬಿಡಲಿಲ್ಲ. 2000ದಲ್ಲಿ ಡಾಕರ್‌ನಲ್ಲಿ ಕೊಟ್ಟ ದೂರಿನ ವಿಚಾರಣೆ ಶುರುವಾಗಿದ್ದು 2015ರ ಜುಲೈ 20ರಂದು. ಅದಕ್ಕಾಗಿ 2012ರಲ್ಲಿ ಆಫ್ರಿಕಾದ ದೇಶಗಳ ಒಕ್ಕೂಟವಾದ ಆಫ್ರಿಕನ್ ಯೂನಿಯನ್ ಮತ್ತು ಸೆನೆಗಲ್ ಒಪ್ಪಂದ ಮಾಡಿಕೊಂಡು, ಸೆನೆಗಲ್‌ನ ಕೋರ್ಟುಗಳ ಒಳಗೇ ಒಂದು ವಿಶೇಷ ನ್ಯಾಯಾಲಯ ಕಟ್ಟಬೇಕಾಯಿತು.

ಈಗ ನನ್ನ ಪಟ್ಟಿಗೆ ಬರುತ್ತೇನೆ. ಸೆನೆಗಲ್‌ನ ವ್ಯವಸ್ಥೆಯಲ್ಲಿ ಮೊದಲು ಸಾಕ್ಷ್ಯ ಕಲೆಹಾಕುವ ತನಿಖಾ ನ್ಯಾಯಾಧೀಶರು ಕೆಲಸ ಮಾಡುತ್ತಾರೆ. ಹಬ್ರೆ ಪ್ರಕರಣದಲ್ಲಿ ಅವರು ನಾಲ್ಕು ಸಲ ಚಾಡ್‌ಗೆ ಹೋದರು, ಸುಮಾರು 2,500 ಸಂತ್ರಸ್ತರು ಮತ್ತು ಸಾಕ್ಷಿಗಳನ್ನು ಮಾತಾಡಿಸಿದರು. 2015ರ ಫೆಬ್ರವರಿಯಲ್ಲಿ ವಿಚಾರಣೆಗೆ ಕಳಿಸುವ ಆದೇಶ ಬರೆದರು. ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಚಿತ್ರಹಿಂಸೆ, ಎಲ್ಲ ಅದರಲ್ಲಿತ್ತು. ಅತ್ಯಾಚಾರ, ಲೈಂಗಿಕ ಗುಲಾಮಗಿರಿಯ ಆರೋಪ ಇರಲಿಲ್ಲ. ನಾನು ಆ ಮನೆಯಲ್ಲಿ ‘ಇಲ್ಲ’ ಎಂದು ಬರೆದು ಮುಂದೆ ಹೋದೆ. ಧಾರವಾಡದಲ್ಲಿ ನನ್ನ ಸೀನಿಯರ್ ಹೇಳುತ್ತಿದ್ದರು, "ಚಾರ್ಜ್‌ಶೀಟ್‌ನ್ಯಾಗ ಇಲ್ಲಂದ್ರ ಕೇಸ್‌ನ್ಯಾಗೂ ಇಲ್ಲ." ಕೈ ಆ ಅಭ್ಯಾಸದಲ್ಲೇ ಬರೆಯಿತು.

ಆದರೆ 2016ರ ಮೇ 30ರ ತೀರ್ಪಿನಲ್ಲಿ ಅತ್ಯಾಚಾರವೂ ಇದೆ, ಲೈಂಗಿಕ ಗುಲಾಮಗಿರಿಯೂ ಇದೆ. ಜೀವಾವಧಿ ಶಿಕ್ಷೆ. ಮೊದಲ ಕಾಗದದಲ್ಲಿ ಇಲ್ಲ, ಕೊನೆಯ ಕಾಗದದಲ್ಲಿ ಇದೆ. ಈ ವ್ಯತ್ಯಾಸಕ್ಕೆ ನಾನು ಅಧ್ಯಾಯದಲ್ಲಿ ಕೊಟ್ಟ ವಿವರಣೆ ಒಂದೇ ವಾಕ್ಯ: ವಿಚಾರಣೆಯ ನಡುವೆ ಇದ್ದಕ್ಕಿದ್ದಂತೆ ಹೊಸ ವಿಷಯ ಬಂತು, ಕೋರ್ಟು ಆರೋಪ ಬದಲಿಸಿತು. ನಮ್ಮ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ 216ನೇ ಕಲಂ ಇತ್ತಲ್ಲ, ತೀರ್ಪು ಹೇಳುವ ಮುಂಚೆ ಯಾವಾಗ ಬೇಕಾದರೂ ಆರೋಪ ಬದಲಿಸಬಹುದು, ಸೇರಿಸಬಹುದು ಅಂತ. ಅದೇ ತರಹದ್ದು ಎಂದುಕೊಂಡೆ.

ಈ ಅಧ್ಯಾಯವನ್ನು ವಿಭಾಗದ ಸೆಮಿನಾರಿನಲ್ಲಿ ಓದಿದೆ. ಸೆನೆಗಲ್‌ನಿಂದ ಬಂದ ಹಿರಿಯ ವಕೀಲೆಯೊಬ್ಬರು ಕೂತಿದ್ದರು. ಅವರು ಕೇಳಿದ್ದು ಇಷ್ಟೇ. "ಇದ್ದಕ್ಕಿದ್ದಂತೆ ಅಂತ ಬರೆದಿದ್ದೀರಿ. ಯಾರಿಗೆ ಇದ್ದಕ್ಕಿದ್ದಂತೆ? ಆ ಹೆಂಗಸರಿಗೂ ಇದ್ದಕ್ಕಿದ್ದಂತೆಯೇ?"

ನನಗೆ ಉತ್ತರ ಹೊಳೆಯಲಿಲ್ಲ. ನಾನು ಆದೇಶ ಓದಿದ್ದೆ, ತೀರ್ಪು ಓದಿದ್ದೆ. ವಿಚಾರಣೆಯ ವಿಡಿಯೋಗಳು ನೋಡಲು ಸಿಗುತ್ತವೆ ಅಂತ ಗೊತ್ತಿದ್ದರೂ ನೋಡಿರಲಿಲ್ಲ. ತೀರ್ಪಿನಲ್ಲಿ ಎಲ್ಲ ಇರುತ್ತದೆ, ಮತ್ತೆ ಯಾಕೆ ನೋಡಬೇಕು ಅನ್ನಿಸಿತ್ತು.

ಆ ವಾರ ಪ್ರತಿ ಸಂಜೆ ಕೂತು ನೋಡಿದೆ. 2015ರ ಅಕ್ಟೋಬರ್. ತಲೆಗೆ ಬಿಳಿ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹಬ್ರೆ ಕೂತಿದ್ದಾನೆ. ಈ ಕೋರ್ಟನ್ನು ಒಪ್ಪುವುದಿಲ್ಲ ಎಂದು ಬಾಯೇ ಬಿಡುತ್ತಿಲ್ಲ. ಅವನ ಎದುರಿಗೆ ಹೆಂಗಸರು ಬಂದು ನಿಲ್ಲುತ್ತಾರೆ. 1988ರಲ್ಲಿ ತಮ್ಮನ್ನು ಜೈಲಿನಿಂದ ಉತ್ತರದ ಮರುಭೂಮಿಯ ವಾದಿ ದೂಮ್ ಎಂಬ ಸೇನಾ ಶಿಬಿರಕ್ಕೆ ಸಾಗಿಸಿದ್ದನ್ನು, ಅಲ್ಲಿ ಸೈನಿಕರು ಮಾಡಿದ್ದನ್ನು ಹೇಳುತ್ತಾರೆ. ಒಬ್ಬರು ಹಬ್ರೆಯೇ ತಮ್ಮ ಮೇಲೆ ಅತ್ಯಾಚಾರ ಮಾಡಿದ ಎಂದು ಅವನೆದುರಿಗೇ ಹೇಳುತ್ತಾರೆ. 1988ರಿಂದ 2015ಕ್ಕೆ 27 ವರ್ಷ. ನಾನು ‘ಇಲ್ಲ’ ಎಂದು ಬರೆದ ಮನೆಯಲ್ಲಿ ಆ 27 ವರ್ಷ ಇತ್ತು.

ಆಗ ನನಗೆ ನೆನಪಾದವರು ಧಾರವಾಡದ ಒಬ್ಬ ಕಕ್ಷಿದಾರೆ. ಜೀವನಾಂಶದ ಕೇಸು. ಹೇಳಿಕೆ ಬರೆದುಕೊಳ್ಳುವಾಗ ಅವರ ಅಣ್ಣ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಂಡ ಇನ್ನೇನಾದರೂ ತೊಂದರೆ ಕೊಟ್ಟರೇ ಎಂದು ಕೇಳಿದೆ. "ಏನೂ ಇಲ್ರಿ ಮೇಡಂ" ಅಂದರು. ಬರೆದುಕೊಂಡೆ. ಎಂಟು ತಿಂಗಳಾದ ಮೇಲೆ ಕೋರ್ಟಿನ ವರಾಂಡದಲ್ಲಿ, ಅಣ್ಣ ಚಹಾ ಕುಡಿಯಲು ಹೋದಾಗ, ನನ್ನ ಕೈ ಹಿಡಿದುಕೊಂಡು ಎಲ್ಲ ಹೇಳಿದರು. ಸಾಕ್ಷಿ ಕಟ್ಟೆಯಲ್ಲೂ ಹೇಳಿದರು. ಎದುರು ವಕೀಲರು ಪಾಟೀ ಸವಾಲಿನಲ್ಲಿ ಕೇಳಬೇಕಾದ್ದನ್ನೇ ಕೇಳಿದರು: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ಈಗ ಕಟ್ಟಿ ಹೇಳುತ್ತಿದ್ದೀರಿ ಅಲ್ವಾ?" ಆ ಪ್ರಶ್ನೆಗೆ ದಾರಿ ಮಾಡಿಕೊಟ್ಟವಳು ನಾನು. ಅಣ್ಣನ ಎದುರಿಗೆ ಕೇಳಿದ್ದು ನಾನೇ. ಆ ದಿನ ಅದು ನನಗೆ ತಪ್ಪು ಅಂತಲೂ ಅನ್ನಿಸಿರಲಿಲ್ಲ.

ಡಾಕರ್‌ನಲ್ಲಿ ಈ ತಡಕ್ಕೆ ಬೆಲೆ ಇನ್ನೂ ಜಾಸ್ತಿ ಆಯಿತು. ನಾನು 216ನೇ ಕಲಂ ಹೊತ್ತುಕೊಂಡು ಹೋಗಿದ್ದೆನಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಸೆನೆಗಲ್ ಫ್ರೆಂಚ್ ಮಾದರಿಯ ಕಾನೂನು ಇರುವ ದೇಶ. ತನಿಖಾ ನ್ಯಾಯಾಧೀಶರ ಆದೇಶದಲ್ಲಿರುವ ಸಂಗತಿಗಳೇ ವಿಚಾರಣೆಯ ಬೇಲಿ. ಆ ಬೇಲಿಯೊಳಗಿನ ಸಂಗತಿಗೆ ಕೋರ್ಟು ಬೇರೆ ಅಪರಾಧದ ಹೆಸರು ಕೊಡಬಹುದು. ಹೊಸ ಸಂಗತಿಯನ್ನು ಒಳಗೆ ತರುವಂತಿಲ್ಲ. 2017ರ ಏಪ್ರಿಲ್ 27ರಂದು ಮೇಲ್ಮನವಿ ಪೀಠ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವನ ಕೈಕೆಳಗಿನವರು ಎಸಗಿದ ಲೈಂಗಿಕ ಅಪರಾಧಗಳ ಹೊಣೆಯೂ ಅವನ ಮೇಲೇ ಉಳಿಯಿತು. ಆದರೆ ಅವನೇ ಮಾಡಿದ ಅತ್ಯಾಚಾರದ ಆರೋಪದಿಂದ ಅವನನ್ನು ಬಿಟ್ಟರು. ಆ ಮಹಿಳೆ ಸುಳ್ಳು ಹೇಳಿದರು ಅಂತಲ್ಲ. ಅವರ ಮಾತನ್ನು ನಂಬಬಹುದು, ಆದರೆ ಆ ಸಂಗತಿ ಮೊದಲ ಆದೇಶದಲ್ಲಿ ಇರಲಿಲ್ಲ, ತಡವಾಗಿ ಬಂತು ಎಂದು ಪೀಠ ಹೇಳಿತು.

ಅಂದರೆ ಮೊದಲ ಕಾಗದದ ‘ಇಲ್ಲ’ ಕೊನೆಯ ತೀರ್ಪಿನವರೆಗೂ ನಡೆದುಬಂತು. ನಾನು ಅದೇ ‘ಇಲ್ಲ’ವನ್ನು ನನ್ನ ಪಟ್ಟಿಗೆ ಇಳಿಸಿಕೊಂಡು, ಅಲ್ಲಿಂದ ಥೀಸಿಸ್‌ಗೆ ಸಾಗಿಸುತ್ತಿದ್ದೆ. ನಾಳೆ ಯಾರೋ ಅದನ್ನು ಓದಿ ಇನ್ನೊಂದು ಪಟ್ಟಿ ಮಾಡುತ್ತಿದ್ದರು.

ಈಗ ಕೆಲಸದ ರೀತಿ ಬದಲಿಸಿದ್ದೇನೆ. ಕನ್ನಡದಲ್ಲಿ ಯೋಚಿಸಿದಾಗಲೇ ಇದು ನನಗೆ ಸರಿಯಾಗಿ ಕಂಡಿದ್ದು. ನಮ್ಮಲ್ಲಿ ‘ಇಲ್ಲ’ ಬೇರೆ ಬೇರೆ ಮಾತಿನ ಬಾಲಕ್ಕೆ ಅಂಟಿಕೊಂಡು ಬೇರೆ ಬೇರೆ ಅರ್ಥ ಕೊಡುತ್ತದೆ. ಕೇಳಿಲ್ಲ. ಹೇಳಿಲ್ಲ. ಬರೆದಿಲ್ಲ. ಈ ಮೂರೂ ನನ್ನ ಪಟ್ಟಿಯಲ್ಲಿ ಒಂದೇ ‘ಇಲ್ಲ’ ಆಗಿ ಕೂತಿದ್ದವು. ಯಾರೂ ಕೇಳದೆ ಹೋದದ್ದು ಬೇರೆ, ಕೇಳಿದರೂ ಹೇಳಲು ಆಗದೆ ಹೋದದ್ದು ಬೇರೆ, ಹೇಳಿದ ಮೇಲೂ ಅಧಿಕಾರಿ ಬರೆದುಕೊಳ್ಳದೆ ಬಿಟ್ಟದ್ದು ಬೇರೆ. ನಾಲ್ಕನೆಯದೂ ಒಂದಿದೆ, ನಾನೇ ಓದಿಲ್ಲ. ಅದನ್ನು ಬರೆಯಲು ಮೊದಮೊದಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ.

ಇದರಿಂದ ಕೆಲಸ ನಿಧಾನವಾಗಿದೆ. ಮುಂಚೆ ಒಂದು ತೀರ್ಪಿಗೆ ಎರಡು ದಿನ ಸಾಕಿತ್ತು. ಈಗ ಹೇಳಿಕೆ ಯಾವಾಗ ಕೊಟ್ಟರು, ಯಾರ ಮುಂದೆ ಕೊಟ್ಟರು, ಯಾವ ಭಾಷೆಯಲ್ಲಿ ಹೇಳಿದ್ದು ಯಾವ ಭಾಷೆಗೆ ಹೋಯಿತು, ಕೇಳಿದವರು ಗಂಡಸರೋ ಹೆಂಗಸರೋ, ಎಲ್ಲ ಹುಡುಕಬೇಕು. ಕೆಲವು ಸಿಗುವುದೇ ಇಲ್ಲ. ವರ್ಷದ ವರದಿಯಲ್ಲಿ ಎಷ್ಟು ಅಧ್ಯಾಯ ಮುಗಿಯಿತು ಎಂದು ಕೇಳಿದಾಗ ಸ್ವಲ್ಪ ಕಷ್ಟ ಆಗುತ್ತದೆ. ನನ್ನ ಮಾರ್ಗದರ್ಶಕರು ಇದಕ್ಕೆ ಒಪ್ಪಿ ಆರು ತಿಂಗಳು ಜಾಸ್ತಿ ಕೊಟ್ಟಿದ್ದಾರೆ, ಅದು ನನ್ನ ಪುಣ್ಯ.

ಯಾಕೆ ಇಷ್ಟು ಒದ್ದಾಟ ಎಂದು ಜೊತೆಗೆ ಓದುವವರು ಕೇಳುತ್ತಾರೆ. ಹಬ್ರೆ 2021ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ. ಶಿಕ್ಷೆಯ ಕಥೆ ಅಲ್ಲಿಗೆ ಮುಗಿಯಿತು. ಪರಿಹಾರದ್ದು ಮುಗಿದಿಲ್ಲ. 7,396 ಸಂತ್ರಸ್ತರಿಗೆ ಸುಮಾರು 82 ಶತಕೋಟಿ ಸಿಎಫ್‌ಎ ಫ್ರಾಂಕ್ (ಚಾಡ್‌ನಲ್ಲಿ ಚಲಾವಣೆಯಲ್ಲಿರುವ ಹಣ) ಪರಿಹಾರ ಕೊಡಬೇಕೆಂದು ಮೇಲ್ಮನವಿ ಪೀಠ ಹೇಳಿತ್ತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ತಲಾ 2 ಕೋಟಿ ಫ್ರಾಂಕ್, ಜೈಲು ಮತ್ತು ಚಿತ್ರಹಿಂಸೆ ಅನುಭವಿಸಿದವರಿಗೆ 1.5 ಕೋಟಿ. 2024ರಲ್ಲಿ ಚಾಡ್ ಸರ್ಕಾರ ಒಂದಿಷ್ಟು ಹಣ ಹಂಚಿತು. ಒಬ್ಬೊಬ್ಬರಿಗೆ 10 ಲಕ್ಷ ಫ್ರಾಂಕ್ ಕೂಡ ಸಿಗಲಿಲ್ಲ. ಯಾರು ಯಾವ ಪಟ್ಟಿಯಲ್ಲಿದ್ದಾರೆ, ಯಾವ ಪಟ್ಟಿಯಲ್ಲಿಲ್ಲ ಎನ್ನುವುದು ಆ ಹೆಂಗಸರಿಗೆ ಇವತ್ತಿಗೂ ದುಡ್ಡಿನ ಪ್ರಶ್ನೆ, ಔಷಧಿಯ ಪ್ರಶ್ನೆ.

ಹಬ್ರೆಯ ಸಾಲಿನ ಆ ಮನೆಯಲ್ಲಿ ಈಗ ಒಂದು ಪದ ಇಲ್ಲ, ಅರ್ಧ ಪುಟದ ಟಿಪ್ಪಣಿ ಇದೆ. ಅದರ ಕೆಳಗಿನ ಸಾಲು ಎನ್ಜಮೀನಾ ಕೋರ್ಟಿನದು. 2015ರ ಮಾರ್ಚ್‌ನಲ್ಲಿ ಅಲ್ಲಿ ಹಬ್ರೆ ಕಾಲದ 20 ಭದ್ರತಾ ಅಧಿಕಾರಿಗಳಿಗೆ ಶಿಕ್ಷೆಯಾಯಿತು. ಆ ತೀರ್ಪು ಓದಿದ್ದೇನೆ, ಸಾಕ್ಷಿ ಹೇಳಿಕೆಗಳು ಇನ್ನೂ ಕೈಗೆ ಬಂದಿಲ್ಲ. ಆ ಸಾಲಿನಲ್ಲಿ ಸದ್ಯಕ್ಕೆ ‘ಓದಿಲ್ಲ’ ಎಂದು ಬರೆದಿದ್ದೇನೆ.