ಅಪ್ಪಯ್ಯನ ಎಲ್‌ಡಿಎಲ್ 66

ಲ್ಯಾಬ್ ರಿಪೋರ್ಟಲ್ಲಿ ಬಲಗಡೆ ಒಂದು ಕಾಲಂ ಇರ್ತದಲ್ಲ, ನಾರ್ಮಲ್ ಅಂದ್ರೆ ಎಷ್ಟು ಅಂತ, ಅದನ್ನ ನೋಡಿ ಹಾರ್ಟ್ ಅಟ್ಯಾಕ್ ಆದವರು ಕೊಲೆಸ್ಟ್ರಾಲ್ ಗುಳಿಗೆ ಬಿಟ್ಟುಬಿಡೋದು ನಮ್ಮ ಶಿರಸಿ ಕಡೆ ಈಗ ಅಲ್ಲಲ್ಲಿ ಕೇಳಿಬರ್ತಾ ಇದೆ. ನಮ್ಮನೇಲೂ ಹಾಗೇ ಆಗೋದ್ರಲ್ಲಿತ್ತು, ಅದಕ್ಕೇ ಬರೀತಾ ಇದ್ದೇನೆ.

ಅಪ್ಪಯ್ಯಂಗೆ ಮಳೆಗಾಲದಲ್ಲಿ ಅಟ್ಯಾಕ್ ಆಗಿತ್ತು. ಇಲ್ಲಿ ಇಸಿಜಿ ಮಾಡಿ ಸೀದಾ ಹುಬ್ಬಳ್ಳಿಗೆ ಕಳಿಸಿದ್ರು, ಹೆಚ್ಚುಕಮ್ಮಿ ನೂರು ಕಿಲೋಮೀಟರ್, ಆಂಬ್ಯುಲೆನ್ಸಲ್ಲಿ ಕೂತವರಿಗೇ ಗೊತ್ತು ಆ ದಾರಿ ಎಷ್ಟು ಉದ್ದ ಅಂತ. ಅಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ, ಅಂದ್ರೆ ಕಟ್ಟಿದ ರಕ್ತನಾಳ ಬಿಡಿಸಿ, ಒಂದು ಸ್ಟೆಂಟ್ (ಸಣ್ಣ ಜಾಲರಿ ಕೊಳವೆ) ಹಾಕಿದ್ರು. ಅಡ್ಮಿಟ್ ಆದ ಕೂಡ್ಲೇ ರಕ್ತ ತೆಗೆದಿದ್ರು, ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 142. ಅಟ್ಯಾಕ್ ಆದ ಒಂದು ದಿನದೊಳಗೆ ಎಲ್‌ಡಿಎಲ್ ತಾನಾಗೇ ಇಳಿಯೋಕೆ ಶುರುವಾಗ್ತದಂತೆ, ತಡ ಮಾಡಿ ನೋಡಿದ್ರೆ ಸುಳ್ಳೇ ಕಮ್ಮಿ ತೋರಿಸ್ತದೆ, ಹಾಗಾಗಿ ಮೊದಲೇ ನೋಡೋದು. ರೋಸುವಾಸ್ಟಾಟಿನ್ 20 ಅಂತ ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಗುಳಿಗೆ ಅವತ್ತೇ ಶುರು ಮಾಡಿ, 4ರಿಂದ 6 ವಾರ ಬಿಟ್ಟು ಮತ್ತೆ ಲಿಪಿಡ್ (ಕೊಲೆಸ್ಟ್ರಾಲ್) ಟೆಸ್ಟ್ ಮಾಡಿಸಿ ಅಂತ ಹೇಳಿ ಕಳಿಸಿದ್ರು.

ಆ ಟೆಸ್ಟಿನ ರಿಪೋರ್ಟ್ ತರೋಕೆ ಸಂಜೆ ಪೇಟೆಗೆ ಹೋಗಿದ್ದೆ. ಎಲ್‌ಡಿಎಲ್ 66. ಪಕ್ಕದಲ್ಲಿ '100ಕ್ಕಿಂತ ಕಡಿಮೆ' ಅಂತ ಪ್ರಿಂಟ್ ಇತ್ತು, ದಪ್ಪಕ್ಷರ ಇಲ್ಲ, ಬಾಣದ ಗುರುತಿಲ್ಲ. ಕೌಂಟರಲ್ಲಿದ್ದ ಹುಡುಗ "ಎಲ್ಲ ನಾರ್ಮಲ್ ಇದೆ ಸರ್" ಅಂದ. ಮನೆಗೆ ಬಂದ್ರೆ ಪಕ್ಕದ ಮನೆ ಭಾವ ಜಗಲಿಯಲ್ಲೇ ಕೂತಿದ್ರು, ಅವರಿಗೂ ಹಿಂದೆ ಸ್ಟೆಂಟ್ ಆಗಿದೆ. "ಎನ್ನ ರಿಪೋರ್ಟ್ ನಾರ್ಮಲ್ ಬಂದ ಮೇಲೆ ಆನು ಗುಳಿಗೆ ಬಿಟ್ಟಿದ್ದಿ, ಎಂತೂ ಆಜಿಲ್ಲೆ" ಅಂದ್ರು. ಅಪ್ಪಯ್ಯಂಗೆ ಅಷ್ಟೇ ಸಾಕಾಯ್ತು. "ತಮಾ, ನಾರ್ಮಲ್ ಬಂಜು, ಇನ್ನು ಗುಳಿಗೆ ಬಿಟ್ರೂ ಅಡ್ಡಿಲ್ಲೆ. ಕಾಲು ನೋವೂ ಅದರಿಂದ್ಲೇ ಇಕ್ಕು." ಆಯಿಯೂ ಅದೇ ಪಕ್ಷ, ತೆಳ್ಳೇವಿಗೆ (ತೆಳು ದೋಸೆ) ತುಪ್ಪ ಹಾಕದೇ ಬರೀ ಜೋನಿಬೆಲ್ಲ ಹಾಕ್ತಾ ಇದ್ಳು, ಕಾಯಿ, ಕೊಬ್ಬರಿ ಎಣ್ಣೆ ಎಲ್ಲ ಕಮ್ಮಿ ಮಾಡಿದ್ಳು, ಇಷ್ಟು ಪಥ್ಯ ಮಾಡಿದ ಮೇಲೂ ಗುಳಿಗೆ ಯಾಕೆ ಅಂತ ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಮರುದಿನ ಅಪ್ಪಯ್ಯನ್ನ ಕರ್ಕೊಂಡು ಡಾಕ್ಟ್ರ ಹತ್ರ ಹೋದೆ. ಅವರು ರಿಪೋರ್ಟ್ ನೋಡಿ ಮೊದಲು ಆ '100' ಅನ್ನೋದನ್ನೇ ಪೆನ್ನಲ್ಲಿ ಗೀಚಿ ಹಾಕಿದ್ರು, ಕೆಳಗೆ 55 ಅಂತ ಬರೆದ್ರು. ಆ ನಾರ್ಮಲ್ ಇರೋದು ಹಾರ್ಟ್ ತೊಂದ್ರೆ ಆಗದೇ ಇದ್ದವರಿಗೆ, ಅಟ್ಯಾಕ್ ಆದವರಿಗೆ 55ಕ್ಕಿಂತ ಕೆಳಗೆ, ಜೊತೆಗೆ ಮೊದಲಿದ್ದದ್ದರ ಅರ್ಧಕ್ಕಿಂತ ಕಮ್ಮಿ ಆಗಬೇಕು. ಅರ್ಧಕ್ಕಿಂತ ಕಮ್ಮಿ ಆಗಿದೆ, 55 ಮುಟ್ಟಿಲ್ಲ. "ಭಟ್ರೇ, ತೋಟದ ಪೈಪು ಒಡೆದಲ್ಲಿ ಜಾಯಿಂಟ್ ಹಾಕಿದ್ರೆ ಉಳಿದ ಪೈಪು ಹೊಸತಾಗ್ತದಾ? ಸ್ಟೆಂಟ್ ಹಾಕಿದ್ದು ಒಂದೇ ಜಾಗಕ್ಕೆ." ಅಪ್ಪಯ್ಯ ಆ ಮಾತು ಕೇಳಿ ಸುಮ್ಮನಾದ. ಆಯಿ ಪ್ರಶ್ನೆಗೂ ಉತ್ತರ ಸಿಕ್ತು, ಕೊಲೆಸ್ಟ್ರಾಲ್ ಬಹುಪಾಲು ತಯಾರಾಗೋದು ನಮ್ಮ ಮೈಯೊಳಗೇ, ಅದ್ರಲ್ಲೂ ಲಿವರಲ್ಲಿ, ಪಥ್ಯ ಬೇಕೇ ಬೇಕು, ಆದ್ರೆ ಪಥ್ಯ ಒಂದ್ರಿಂದ್ಲೇ ಇಷ್ಟು ಇಳಿಯಲ್ಲ. 66 ಬಂದಿದ್ದೇ ಗುಳಿಗೆ ತಗೊಂಡಿದ್ದಕ್ಕೆ, ಬಿಟ್ರೆ ಕೆಲವೇ ವಾರದಲ್ಲಿ ವಾಪಸ್ ಏರ್ತದೆ.

ನಾನು ಡೋಸ್ ಡಬಲ್ ಮಾಡ್ತಾರೆ ಅಂದ್ಕೊಂಡಿದ್ದೆ. ಆದ್ರೆ ಸ್ಟಾಟಿನ್ ಡಬಲ್ ಮಾಡಿದ್ರೆ ಇನ್ನು ಶೇಕಡ 6ರಷ್ಟು ಮಾತ್ರ ಇಳಿಯೋದಂತೆ, ಅದಕ್ಕೆ ಎಜೆಟಿಮೈಬ್ 10 ಸೇರಿಸಿದ್ರು, ಅದು ಕರುಳಲ್ಲಿ ಕೊಲೆಸ್ಟ್ರಾಲ್ ಹೀರ್ಕೊಳ್ಳೋದನ್ನ ತಡೀತದೆ. ಕಾಲು ನೋವಿಗೆ ಸಿಕೆ ಅಂತ, ಸ್ನಾಯುವಿಗೆ ಪೆಟ್ಟಾಗಿದ್ಯಾ ನೋಡೋ ರಕ್ತದ ಟೆಸ್ಟ್ ಮಾಡಿಸಿದ್ರು, ಸರಿ ಇತ್ತು. ನೋವು ಬಂತು ಅಂತ ತಾವೇ ಗುಳಿಗೆ ನಿಲ್ಲಿಸ್ಬೇಡಿ, ಬಂದು ಹೇಳಿ, ಬೇರೆ ದಾರಿ ಇದೆ ಅಂದ್ರು. ಅಟ್ಯಾಕ್ ಆದವರಿಗೆ ಆ ನಾರ್ಮಲ್ ಲೆಕ್ಕಕ್ಕಿಲ್ಲ ಅನ್ನೋದನ್ನ ಡಿಸ್ಚಾರ್ಜ್ ಮಾಡೋವಾಗ್ಲೇ ಎಲ್ಲರಿಗೂ ಬಿಡಿಸಿ ಹೇಳ್ಬೇಕು ಅಂತ ನಂಗೆ ಗಟ್ಟಿಯಾಗಿ ಅನ್ನಿಸ್ತದೆ, ಗುಳಿಗೆ ಚೀಟಿ ಕೊಟ್ರಷ್ಟೇ ಸಾಲದು.

ಮುಂದಿನ ಟೆಸ್ಟಲ್ಲಿ 51 ಬಂತು. ಗುಳಿಗೆ ಎರಡೂ ನಡೀತಾ ಇದೆ, ಕಮ್ಮಿ ಮಾಡಿಲ್ಲ. ಭಾವನ ರಕ್ತ ಟೆಸ್ಟಿಗೆ ಈ ಸೋಮವಾರ ನಾನೇ ಕರ್ಕೊಂಡು ಹೋಗ್ತಾ ಇದ್ದೇನೆ, ಬರ್ತೆ ಹೇಳಿ ಒಪ್ಪಿದಾರೆ.