ಬಿದ್ದ ಮೊಬೈಲ್ ಸಂಜೆ ಸಿಗುತ್ತದೆ, ಇಳಿಯಬೇಡಿ

ದಸರಾ ರಜೆ ಬಂತೆಂದರೆ ಮೃಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುವ ನಮ್ಮಂಥ ಕೀಪರ್‌ಗಳಿಗೆ ಎದೆ ಡವಡವ. ಹೋದ ಸಲ ಸೆಲ್ಫಿ ತೆಗೆಯುವಾಗ ಒಬ್ಬರ ಮೊಬೈಲ್ ಕೈಜಾರಿ ಕರಡಿಯ ಕಂದಕಕ್ಕೆ ಬಿತ್ತು. ಅವರು ಹಿಂದೆ ಮುಂದೆ ನೋಡಲಿಲ್ಲ. ಕಂಬಿ ದಾಟಿ ಗೋಡೆ ಮೇಲೆ ಕೂತು ಕಾಲು ಇಳಿಬಿಟ್ಟರು.

ನಾನು ಹಿಂದುಗಡೆ ಹೋಲ್ಡಿಂಗ್ ರೂಮ್, ಅಂದರೆ ಕರಡಿಯನ್ನು ಒಳಗೆ ಕೂಡುವ ಕೋಣೆ, ತೊಳೆಯುತ್ತಿದ್ದೆ. ಕೂಗು ಕೇಳಿ ಷಟರ್ ಎತ್ತಿದೆ, ಬಕೆಟ್ ಬಡಿದೆ, 'ಗುಂಡಾ, ಬಾರೋ' ಅಂತ ಕರೆದೆ. ದಿನಾ ಬಕೆಟ್ ಸದ್ದಿಗೆ ಓಡಿಬರುವ ಕರಡಿ ಇವತ್ತೂ ಬಂದೇ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅದರ ಊಟ ಸಂಜೆಗೆ, ಆಗಿನ್ನೂ ಮಧ್ಯಾಹ್ನ. ಮೇಲಾಗಿ ಜನ ಶಿಳ್ಳೆ ಹೊಡೆಯುತ್ತಿದ್ದರು, ನನ್ನ ದನಿ ಅದಕ್ಕೆ ಕೇಳಿಸಬೇಕಲ್ಲ? ಗುಂಡ ಹಿಂಗಾಲ ಮೇಲೆ ಎದ್ದು ನಿಂತು ಗಾಳಿ ಮೂಸಿದ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಹೊಸ ವಾಸನೆ ಗೋಡೆ ಕಡೆಯಿಂದ ಬರುತ್ತಿದೆ ಅಂತ ಅದಕ್ಕೆ ಗೊತ್ತಾಗಿತ್ತು. ನಾಲ್ಕು ಹೆಜ್ಜೆ ಆ ಕಡೆ ಇಟ್ಟೇಬಿಟ್ಟ. ಅಷ್ಟರಲ್ಲಿ ಗಾರ್ಡ್ ಅಣ್ಣ ಜನರನ್ನು ಸುಮ್ಮನಾಗಿಸಿ, ಆ ಮನುಷ್ಯನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಸದ್ದು ನಿಂತ ಮೇಲೆ ನಾನು ಬಕೆಟ್‌ನಲ್ಲಿ ಜೇನು ಸುರಿದು ಮತ್ತೆ ಕರೆದೆ. ಗುಂಡ ತಿರುಗಿದ, ನಿಧಾನಕ್ಕೆ ಒಳಗೆ ಬಂದ. ಷಟರ್ ಇಳಿಸಿ ಬೀಗ ಹಾಕುವವರೆಗೂ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಮೇಲಿನವರು ಮಾಡಿದ್ದು ಇಷ್ಟೇ: ಇನ್ನೊಂದು ಬೋರ್ಡ್ ಹಾಕಿದರು. ರಜೆ ದಿನ ಒಬ್ಬನೇ ಕೀಪರ್ ಮೂರು ಸೆಕ್ಷನ್ ನೋಡುವಾಗ ಬೋರ್ಡ್ ಏನು ಮಾಡುತ್ತದೆ? ಜನ ಕೊಡಿ ಸ್ವಾಮಿ. ಪ್ರಾಣಿಗಳಿಗೆ ತಿನ್ನಿಸುವುದಷ್ಟೇ ಅಲ್ಲ, ಗದ್ದಲ ಮಾಡಿ ಕಾಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಆದರೆ ಹೇಳುವುದಕ್ಕೆ ಅಲ್ಲಿ ಒಬ್ಬರಾದರೂ ಇರಬೇಕು, ಅಲ್ವಾ?

ನೋಡಲು ಬರುವವರಿಗೂ ಒಂದು ಮಾತು. ಮಧ್ಯಾಹ್ನ ಬಂದು 'ಹುಲಿ ಮಲಗೇ ಇದೆ, ದುಡ್ಡು ದಂಡ' ಅನ್ನಬೇಡಿ. ಹುಲಿ, ಸಿಂಹ ದಿನದ ಜಾಸ್ತಿ ಹೊತ್ತು ಮಲಗುವ ಪ್ರಾಣಿಗಳೇ. ಗೇಟ್ ತೆರೆದ ಕೂಡಲೇ ಬನ್ನಿ. ರಾತ್ರಿ ಮನೆಯಿಂದ ಆಗಷ್ಟೇ ಹೊರಬಿಟ್ಟ ಪ್ರಾಣಿ ಇಡೀ ಜಾಗ ಮೂಸಿ, ಉಜ್ಜಿ, ಓಡಾಡುತ್ತದೆ. ಮೈಸೂರು, ಬನ್ನೇರುಘಟ್ಟ ಎರಡಕ್ಕೂ ಮಂಗಳವಾರ ರಜೆ, ಅದನ್ನೂ ನೋಡಿಕೊಂಡು ಹೊರಡಿ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಒಂದು ಕಡೆ ಹದಿನೈದು ನಿಮಿಷ ಸುಮ್ನೆ ನಿಲ್ಲಿ. ನಮ್ಮ ಕಡೆಯ ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿನಿಂದಲೇ ಗೆದ್ದಲು ಹೀರುತ್ತದೆ. ಮರದ ದಿಮ್ಮಿಯ ತೂತಿನಲ್ಲಿ ನಾವು ಜೇನು ಇಟ್ಟಾಗ ಅದು ಹೀರುವ ಸೊರ್ ಸದ್ದು ದೂರಕ್ಕೂ ಕೇಳುತ್ತದೆ. ಓಡೋಡಿ ಹೋಗುವವರಿಗೆ ಅದು ಸಿಗುವುದಿಲ್ಲ. ಖಾಕಿ ಹಾಕಿಕೊಂಡು ಬಕೆಟ್ ಹಿಡಿದವರು ಕಂಡರೆ ಮಾತಾಡಿಸಿ, ನಮಗೂ ಹೇಳಲು ಖುಷಿ.

ಮೊಬೈಲ್, ಟೋಪಿ, ಮಗುವಿನ ಚಪ್ಪಲಿ ಏನೇ ಬಿದ್ದರೂ ಮೊದಲು ನಮ್ಮನ್ನು ಕರೆಯಿರಿ. ಪ್ರಾಣಿ ಒಳಗೆ ಹೋದ ಮೇಲೆ ನಾವೇ ಇಳಿದು ತಂದುಕೊಡುತ್ತೇವೆ. ಆ ದಿನದ ಮೊಬೈಲನ್ನೂ ಹಾಗೇ ತಂದುಕೊಟ್ಟಿದ್ದು.