ಡಯಾಲಿಸಿಸ್ ಕೋಣೆಯಲ್ಲಿ ನಾಮಾನನ ಕಥೆ

ನಾನು ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನೀಷಿಯನ್. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧ ಮಾಡುವ ಕೆಲಸ. ರೋಗಿಗಳೆಲ್ಲ ಸಿಸ್ಟರ್ ಅಂತಲೇ ಕರೆಯುತ್ತಾರೆ. ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಕೋಣೆಯಲ್ಲಿ ಕೇಳಿಸುತ್ತದೆ. ಈ ಕೆಲಸ ಮಾಡುತ್ತಾ ಸತ್ಯವೇದದ ಒಂದು ಕಥೆ ನನಗೆ ತುಂಬಾ ಹತ್ತಿರವಾಗಿದೆ. ಎರಡನೆಯ ಅರಸುಗಳು 5ನೇ ಅಧ್ಯಾಯದಲ್ಲಿ ಬರುವ ನಾಮಾನನ ಕಥೆ. ಆರಾಧನೆ, ವಿಧೇಯತೆ, ತಾಳ್ಮೆ ಅಂತ ಸಂಡೇ ಸ್ಕೂಲಿನಲ್ಲಿ ಬೇರೆ ಬೇರೆಯಾಗಿ ಕಲಿತದ್ದೆಲ್ಲ ಈ ಒಂದು ಕಥೆಯಲ್ಲಿ ಒಟ್ಟಿಗೆ ಸಿಗುತ್ತದೆ.

ನಾಮಾನ ಅರಾಮ್ ದೇಶದ ಸೇನಾಪತಿ. ದೊಡ್ಡ ಮನುಷ್ಯ, ಆದರೆ ಕುಷ್ಠರೋಗಿ. ಅವನ ಹೆಂಡತಿಯ ಹತ್ತಿರ ಇಸ್ರಾಯೇಲಿನಿಂದ ಸೆರೆ ಹಿಡಿದು ತಂದ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ, ಯಜಮಾನರು ಅಲ್ಲಿಗೆ ಹೋದರೆ ಗುಣವಾಗುತ್ತದೆ ಅಂತ ಹೇಳಿದ್ದು ಅವಳು. ನಾಮಾನ ಹೊರಟ. ಬರಿಗೈಯಲ್ಲಿ ಅಲ್ಲ. 10 ತಲಾಂತು ಬೆಳ್ಳಿ, 6000 ಶೆಕೆಲ್ ಚಿನ್ನ, 10 ಜೊತೆ ಬಟ್ಟೆ. ರಥ, ಕುದುರೆ ಎಲ್ಲ ಆ ಪ್ರವಾದಿ ಎಲೀಷನ ಮನೆ ಬಾಗಿಲಲ್ಲಿ ನಿಂತವು. ಎಲೀಷ ಹೊರಗೆ ಬರಲೇ ಇಲ್ಲ. ಆಳಿನ ಕೈಯಲ್ಲಿ ಹೇಳಿ ಕಳಿಸಿದ: ಹೋಗಿ ಯೊರ್ದನಿನಲ್ಲಿ ಏಳು ಸಲ ಸ್ನಾನ ಮಾಡು.

ನಾಮಾನನಿಗೆ ಸಿಟ್ಟು ನೆತ್ತಿಗೇರಿತು. ಪ್ರವಾದಿ ಹೊರಗೆ ಬರುತ್ತಾನೆ, ದೇವರ ಹೆಸರು ಹೇಳಿ ಪ್ರಾರ್ಥಿಸುತ್ತಾನೆ, ರೋಗ ಇದ್ದ ಜಾಗದ ಮೇಲೆ ಕೈಯಾಡಿಸುತ್ತಾನೆ ಅಂತ ಅವನು ನೆನೆಸಿದ್ದ. ನಮ್ಮ ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇಸ್ರಾಯೇಲಿನ ಎಲ್ಲ ನೀರಿಗಿಂತ ಒಳ್ಳೆಯದಲ್ಲವಾ ಅಂತ ಕೇಳಿದ. ಅದು ನಮ್ಮವರಿಗೆ ಚೆನ್ನಾಗಿ ಅರ್ಥವಾಗುವ ಮಾತು. 12 ಹೊಳೆಗಳ ಜಿಲ್ಲೆ ನಮ್ಮದು. ಚಂದ್ರಗಿರಿ, ಪಯಸ್ವಿನಿ, ಶಿರಿಯ, ಮೊಗ್ರಾಲ್ ಇರುವಾಗ ಯಾರೋ ಬಂದು ಎಲ್ಲಿಯದೋ ಹೊಳೆಯಲ್ಲಿ ಮುಳುಗು ಅಂದರೆ ನಾವು ಸುಮ್ನೆ ಒಪ್ಪುತ್ತೇವಾ?

ಆಗ ಅವನ ಆಳುಗಳು ಹತ್ತಿರ ಬಂದು ಒಂದು ಮಾತು ಹೇಳಿದರು. ನನಗೆ ಇಡೀ ಕಥೆಯ ಜೀವ ಅಲ್ಲಿದೆ. ಅಪ್ಪಾ, ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ನೀನು ಮಾಡುತ್ತಿದ್ದೆ ಅಲ್ವಾ? ಸ್ನಾನ ಮಾಡಿ ಶುದ್ಧನಾಗು ಅಂದದ್ದಕ್ಕೆ ಯಾಕೆ ಆಗುವುದಿಲ್ಲ?

ಈ ಮಾತನ್ನು ನಮ್ಮ ಡಯಾಲಿಸಿಸ್ ಕೋಣೆಯಲ್ಲೇ ಕೇಳಿದ್ದೇನೆ. ಪೆರ್ಲದ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಬರುತ್ತಿದ್ದರು. ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳುತ್ತೇನೆ. ಮಾತು ಗಟ್ಟಿ, ಮನಸ್ಸು ಒಳ್ಳೆಯದು. "ತೋಟ ಮಾರಿಯಾದ್ರೂ ಸರಿ, ಬೆಂಗಳೂರಿಗೆ ಬೇಕಾದ್ರೂ ಹೋಗುವ. ಗಂಜಿ ಬಿಡ್ಲಿಕ್ಕೆ ಮಾತ್ರ ಹೇಳ್ಬೇಡಿ ಸಿಸ್ಟರ್" ಅನ್ನುತ್ತಿದ್ದರು. ನಮ್ಮ ಊರಿನ ಕುಚ್ಚಲಕ್ಕಿ ಗಂಜಿಯಲ್ಲಿ ಅನ್ನಕ್ಕಿಂತ ತಿಳಿಯೇ ಜಾಸ್ತಿ. ಮೂತ್ರ ಹೋಗದ ರೋಗಿಗೆ ಅದೆಲ್ಲ ನೀರಿನ ಲೆಕ್ಕ. ಬೊಂಡ, ಅಂದರೆ ಎಳನೀರು, ಅಂತೂ ಬೇಡವೇ ಬೇಡ. ಅದರ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು. ಹಿತ್ತಲಿನ ಧಾರೆಹುಳಿಯೂ (ಸ್ಟಾರ್ ಫ್ರೂಟ್) ಕಿಡ್ನಿ ಹೋದವರಿಗೆ ವಿಷ. ಅದು ತಿಂದ ಮೇಲೆ ಬಿಕ್ಕಳಿಕೆ ಶುರುವಾಗಿ ನಿಲ್ಲದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ತೆಂಗಿನ ತೋಟದ ನಡುವೆ ಹುಟ್ಟಿ ಬೆಳೆದ ಮನುಷ್ಯನಿಗೆ ಬೊಂಡ ಕುಡಿಯಬೇಡಿ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಅವರು ಪ್ರತಿ ಸಲವೂ ನಾಲ್ಕು ಕಿಲೋ ಭಾರ ಏರಿಸಿಕೊಂಡು ಬರುತ್ತಿದ್ದರು. ಎಲ್ಲ ನೀರು. ಯಂತ್ರ ಅದನ್ನು ತೆಗೆಯುವುದಕ್ಕೂ ಒಂದು ಮಿತಿ ಉಂಟು. ಮೈಭಾರದ ಕಿಲೋ ಒಂದಕ್ಕೆ ಗಂಟೆಗೆ 13 ಮಿಲಿಲೀಟರ್ ದಾಟಬಾರದು ಅಂತ ಲೆಕ್ಕ. 60 ಕಿಲೋದವರಿಗೆ ನಾಲ್ಕು ಗಂಟೆಯಲ್ಲಿ ಹೆಚ್ಚೆಂದರೆ ಮೂರು ಲೀಟರ್ ಚಿಲ್ಲರೆ. ಅದಕ್ಕಿಂತ ಜಾಸ್ತಿ ಎಳೆದರೆ ಬಿಪಿ ಇಳಿಯುತ್ತದೆ. ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತದೆ. ಅಂಥ ಗಟ್ಟಿ ಮನುಷ್ಯ ನೋವಿನಲ್ಲಿ ಅಮ್ಮಾ ಅಂತ ಕೂಗುವುದನ್ನು ಹತ್ತಿರ ನಿಂತು ನೋಡಿದವರಿಗೇ ಗೊತ್ತು.

ಒಂದು ದಿನ ಅವರ ಸೊಸೆ ಅವರ ಕಾಲು ಉಜ್ಜುತ್ತಾ ಹೇಳಿದಳು. "ಮಾವ, ಇನ್ನೊಂದು ಬಾವಿ ತೋಡಿ ಅಂದಿದ್ರೆ ನೀವು ತೋಡಿಸ್ತಿದ್ರಿ. ಈ ಬಾಟ್ಲಿಯಲ್ಲಿ ಇರುವಷ್ಟೇ ಕುಡಿಯಿರಿ ಅಂತ ಅಲ್ವಾ ಹೇಳಿದ್ದು?" ಆಕೆ ಸತ್ಯವೇದ ಓದಿದವಳಲ್ಲ. ನಾಮಾನನ ಹೆಸರೂ ಕೇಳಿರಲಿಕ್ಕಿಲ್ಲ. ಆದರೂ ಆ ಆಳುಗಳು ಹೇಳಿದ್ದನ್ನೇ ಹೇಳಿದಳು, ಅದೇ ಪ್ರೀತಿಯಿಂದ. ನನ್ನ ಕೈ ಬಿಪಿ ಪಟ್ಟಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಅವಳ ಉಪಾಯ ಸುಲಭ. ಡಾಕ್ಟರ್ ಹೇಳಿದಷ್ಟು ನೀರು ಬೆಳಿಗ್ಗೆಯೇ ಒಂದು ಬಾಟ್ಲಿಗೆ ಹಾಕಿಡುತ್ತಿದ್ದಳು. ಮಾವ ಒಂದು ಲೋಟ ಚಹಾ ಕುಡಿದರೆ ಒಂದು ಲೋಟ ನೀರು ಬಾಟ್ಲಿಯಿಂದ ಚೆಲ್ಲುವುದು. ಗಂಜಿಯ ತಿಳಿ ಕುಡಿದರೆ ಅಷ್ಟೇ ನೀರು ಗಿಡಕ್ಕೆ. ಬಾಟ್ಲಿ ಖಾಲಿಯಾದರೆ ಅವತ್ತಿನದು ಮುಗಿಯಿತು. ಬಾಯಾರಿದರೆ ಒಂದು ಚೂರು ಮಂಜುಗಡ್ಡೆ. ಕೆಲವು ವಾರಗಳಲ್ಲಿ ನಾಲ್ಕು ಕಿಲೋ ಎರಡೂವರೆಗೆ ಇಳಿಯಿತು. ಕಾಲು ಹಿಡಿಯುವುದು ಕಡಿಮೆಯಾಯಿತು. ಯೊರ್ದನಿನಲ್ಲಿ ಏಳು ಸಲ ಮುಳುಗಿ ಶುದ್ಧನಾದ ನಾಮಾನನಿಗೆ ಬಂದ ಹಾಗೆ ಮಗುವಿನ ಮೈ ಬರಲಿಲ್ಲ, ನಿಜ. ಆದರೆ ಅವರು ನಗುತ್ತಾ ಎದ್ದು ಹೋಗುವ ದಿನಗಳು ಬಂದವು.

ವಿಧೇಯತೆ ಅಂದರೆ ದೇವರು ಹೇಳಿದ ಅಂತ ಅಬ್ರಹಾಮ ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೋದದ್ದನ್ನೇ ನಾವು ಪ್ರಸಂಗಗಳಲ್ಲಿ ಜಾಸ್ತಿ ಕೇಳುತ್ತೇವೆ. ಅದು ದೊಡ್ಡದೇ. ಆದರೆ ನಮ್ಮಂಥವರಿಗೆ ದಿನಾ ಎದುರಾಗುವುದು ಬಾಟ್ಲಿಯ ವಿಧೇಯತೆ. ಅದರಲ್ಲಿ ಹೆಸರಿಲ್ಲ, ಸಾಕ್ಷಿ ಹೇಳಿಕೊಳ್ಳಲಿಕ್ಕೂ ಏನೂ ಇಲ್ಲ. ಅದಕ್ಕೇ ಅದು ಕಷ್ಟ ಅಂತ ನನಗನ್ನಿಸುತ್ತದೆ.

ನಮ್ಮ ಕೆಲಸದಲ್ಲೂ ಅಂಥದ್ದೊಂದು ಉಂಟು. ಬೆಳಿಗ್ಗೆ ಮೊದಲ ರೋಗಿ ಬರುವುದಕ್ಕೆ ಮುಂಚೆ ನೀರು ನೋಡಬೇಕು. ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ಮಾಡಿದ ನೀರು ಬೇಕು. ಆ ನೀರಿಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ತೆಳ್ಳಗಿನ ಒಂದು ಪೊರೆ ಮಾತ್ರ. ಬರುವ ನೀರಿನಲ್ಲಿರುವ ಕ್ಲೋರಿನ್ ಕಾರ್ಬನ್ ಟ್ಯಾಂಕಿನಲ್ಲಿ ನಿಂತುಹೋಗಬೇಕು. ನಿಲ್ಲದೆ ಮುಂದೆ ಬಂದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಾಗಾಗಿ ಕನಿಷ್ಠ 15 ನಿಮಿಷ ನೀರು ಹರಿಯಲು ಬಿಟ್ಟು, ಆಮೇಲೆ ಒಂದು ಸಣ್ಣ ಟ್ಯೂಬಿನಲ್ಲಿ ಹಿಡಿದು, ಪುಡಿ ಹಾಕಿ, ಕ್ಲೋರಿನ್ ಇದ್ದರೆ ಬರುವ ಬಣ್ಣ ಬರುತ್ತದಾ ಅಂತ ಕಾಯಬೇಕು. ಲೀಟರಿಗೆ 0.1 ಮಿಲಿಗ್ರಾಂಗಿಂತ ಕೆಳಗೇ ಇರಬೇಕು. ಆಮೇಲೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.

ದಿನಾ ನೋಡಿದರೆ ದಿನಾ ಬಣ್ಣ ಬರುವುದಿಲ್ಲ. ನಿನ್ನೆಯೂ ಸರಿ ಇತ್ತು, ಮೊನ್ನೆಯೂ ಸರಿ ಇತ್ತು. ಹೊರಗೆ ರೋಗಿಗಳು ಕಾಯುತ್ತಿರುತ್ತಾರೆ. ನೋಡದೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನಲ್ಲಿ ಜಲಾಶಯದ ನೀಲಿ-ಹಸಿರು ಪಾಚಿಯ ವಿಷ ಡಯಾಲಿಸಿಸ್ ನೀರಿನಲ್ಲಿ ಸೇರಿ 50ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಆ ನೀರನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಈ ಕಥೆ.

ದೇವರ ಮಾತು ಮೀರಿ, ಯಜ್ಞಕ್ಕೆ ಅಂತ ದನಕುರಿ ಉಳಿಸಿಕೊಂಡ ಅರಸ ಸೌಲನಿಗೆ ಪ್ರವಾದಿ ಸಮುವೇಲ ಹೇಳಿದ ಮಾತು ನಮಗೆಲ್ಲ ಬಾಯಿಪಾಠ: ಯಜ್ಞಕ್ಕಿಂತ ವಿಧೇಯತೆ ಉತ್ತಮ. ನೀರಿನ ಕೋಣೆಯಲ್ಲಿ ಒಬ್ಬಳೇ ನಿಂತು ಟ್ಯೂಬನ್ನು ಬೆಳಕಿಗೆ ಹಿಡಿಯುವಾಗ ಆ ಮಾತು ನನಗೆ ನೆನಪಾಗುತ್ತದೆ. ಅಲ್ಲಿ ನಾನು ಪ್ರಾರ್ಥನೆಯನ್ನೂ ಮಾಡುತ್ತೇನೆ. ಆದರೆ ಟೆಸ್ಟ್ ಮಾಡದೆ ಬರೀ ಪ್ರಾರ್ಥನೆ ಮಾಡಿದರೆ ಅದು ಸೌಲನ ಯಜ್ಞವೇ ಆಗುತ್ತದೆ.

ತಾಳ್ಮೆಗೆ ಬರೋಣ. ನಾಮಾನನಿಗೆ ಎಷ್ಟನೆಯ ಮುಳುಗಿಗೆ ಗುಣ ಶುರುವಾಯಿತು ಅಂತ ಅಲ್ಲಿ ಬರೆದಿಲ್ಲ. ಏಳು ಸಲ ಮುಳುಗಿದ, ಶುದ್ಧನಾದ ಅಂತ ಮಾತ್ರ ಉಂಟು. ಮೂರನೆಯದರಲ್ಲಿ ಚರ್ಮ ನೋಡಿಕೊಂಡು ಏನೂ ಆಗಿಲ್ಲ ಅಂತ ದಡಕ್ಕೆ ಬಂದಿದ್ದರೆ?

ಒಳ್ಳೆಯ ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತದೆ. ವಾರಕ್ಕೆ ಮೂರು ಸಲ ಬಂದರೂ ಯಂತ್ರ ಕೊಡುವುದು ಬರೀ 12 ಗಂಟೆ. ಅದರಲ್ಲೂ "ಸಿಸ್ಟರ್, ಅರ್ಧ ಗಂಟೆ ಮುಂಚೆ ಬಿಡಿ, ಬದಿಯಡ್ಕದ ಬಸ್ಸುಂಟು" ಅಂತ ಕೇಳುವವರು ಜಾಸ್ತಿ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಕೂಲಿ ಬಿಟ್ಟು ಬಂದವರು, ಮನೆಯಲ್ಲಿ ದನ ಕಟ್ಟಿಹಾಕಿ ಬಂದವರು. ಲೆಕ್ಕ ಮಾತ್ರ ತೋರಿಸುತ್ತೇನೆ. ಸಲಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ 78 ಗಂಟೆ. 19 ಡಯಾಲಿಸಿಸ್ ತಪ್ಪಿಸಿದ ಹಾಗೆ. ಕಾಗದದ ಮೇಲೆ ಬರೆದು ಕೊಟ್ಟರೆ ಹೆಚ್ಚಿನವರು ಸುಮ್ಮನೆ ಮಲಗುತ್ತಾರೆ.

ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳ ಜೋಡಿಸುವ ಆಪರೇಷನ್, ಮಾಡಿಸಿಕೊಂಡವರೂ ಕಾಯಬೇಕು. ರಕ್ತನಾಳ ಬಲಿಯದೆ ಸೂಜಿ ಹಾಕುವ ಹಾಗಿಲ್ಲ. ಅದಕ್ಕೆ ಆರೇಳು ವಾರವಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಯಾಕೋಬನ ಪತ್ರಿಕೆಯಲ್ಲಿ ರೈತ ಮುಂಗಾರು ಹಿಂಗಾರು ಮಳೆಗೆ ಕಾಯುವ ಮಾತು ಬರುತ್ತದಲ್ಲ, ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ.

ಈ ಯಂತ್ರವೇ ತಾಳ್ಮೆಯಿಂದ ಹುಟ್ಟಿದ್ದು. ವಿಲೆಮ್ ಕೋಲ್ಫ್ ಎಂಬ ಡಚ್ ವೈದ್ಯರು 1943ರಲ್ಲಿ, ಜರ್ಮನ್ ಸೈನ್ಯ ದೇಶವನ್ನು ಹಿಡಿದಿದ್ದ ಕಾಲದಲ್ಲಿ, ಮರದ ಪಟ್ಟಿಗಳ ಡ್ರಮ್ಮಿಗೆ ಸೆಲೋಫೇನ್ ಕೊಳವೆ ಸುತ್ತಿ ಇದನ್ನು ಮಾಡಿದರು. ಮೊದಲ ಎರಡು ವರ್ಷ ಚಿಕಿತ್ಸೆ ಕೊಟ್ಟ ರೋಗಿಗಳಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. ಅವರು ಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಕಣ್ಣು ತೆರೆದು ಮಾತಾಡಿದರು.

ಆದರೆ ತಾಳ್ಮೆಯ ಹೆಸರಲ್ಲಿ ಬಾಯಿ ಮುಚ್ಚಿ ಕೂರುವುದನ್ನು ನಾನು ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಕಡೆಯ ರೋಗಿಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡರು. ಜೀವಗಳೂ ಹೋದವು. ಆಗ ಮಾತಾಡಿದವರು, ಕೋರ್ಟಿಗೆ ಹೋದವರು ತಾಳ್ಮೆಗೆಟ್ಟವರಲ್ಲ. ನಾಮಾನನ ಮನೆಯ ಆ ಸೆರೆಯ ಹುಡುಗಿಯೂ ಬಾಯಿ ತೆರೆದಳು. ಅವಳು ಮಾತಾಡದಿದ್ದರೆ ಈ ಕಥೆಯೇ ಇಲ್ಲ.

ಗುಣವಾದ ಮೇಲೆ ನಾಮಾನ ಕೇಳಿದ್ದೇನು ಗೊತ್ತಾ? ಮಣ್ಣು. ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಕೊಡಿ, ಊರಿಗೆ ಒಯ್ಯುತ್ತೇನೆ, ಇನ್ನು ಮುಂದೆ ಯೆಹೋವನಿಗಲ್ಲದೆ ಬೇರೆ ಯಾರಿಗೂ ಯಜ್ಞ ಅರ್ಪಿಸುವುದಿಲ್ಲ ಅಂದ. ಮೊದಲು ಹೊಳೆಯನ್ನೇ ಬೇಡ ಅಂದವನು ಈಗ ಅದೇ ನೆಲದ ಮಣ್ಣು ಹೊತ್ತುಕೊಂಡು ಹೋಗುತ್ತಾನೆ. ಅವನು ಸಮಾರ್ಯದಲ್ಲೇ ಇದ್ದುಬಿಡಲಿಲ್ಲ. ವಾಪಸ್ಸು ಅದೇ ಅರಮನೆ, ಅದೇ ಕೆಲಸ. ಅರಸನ ಜೊತೆ ಅಲ್ಲಿಯ ದೇವರು ರಿಮ್ಮೋನನ ಗುಡಿಗೂ ಹೋಗಬೇಕಾಗುತ್ತದೆ, ಕ್ಷಮೆ ಸಿಗಲಿ ಅಂತ ಮೊದಲೇ ಹೇಳಿದ. ಎಲೀಷ ಉದ್ದ ಭಾಷಣ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ.

ಭಾನುವಾರ ತುರ್ತು ಕೇಸು ಬಂದರೆ ನಾನು ಆರಾಧನೆಗೆ ಹೋಗಲಿಕ್ಕಾಗುವುದಿಲ್ಲ. ಮೊದಲೆಲ್ಲ ಸಭೆಯ ಹಿರಿಯರು ಕೇಳುತ್ತಿದ್ದರು, ಈಗ ಅವರಿಗೂ ಅರ್ಥವಾಗಿದೆ. ದೇಹವನ್ನೇ ಸಜೀವ ಯಜ್ಞವಾಗಿ ಅರ್ಪಿಸಿ ಅಂತ ಪೌಲ ರೋಮಾಪುರದವರಿಗೆ ಬರೆದ. ಪಕ್ಕದ ಹಾಸಿಗೆಯಲ್ಲಿ ರಂಜಾನ್ ಉಪವಾಸ ಹಿಡಿಯಲು ಆಗಲಿಲ್ಲವಲ್ಲ ಅಂತ ಕಣ್ಣೀರು ಹಾಕುವ ಬ್ಯಾರಿ ಅಜ್ಜಿ, ಆಚೆ ಹಾಸಿಗೆಯಲ್ಲಿ ಮನೆಯ ದೈವದ ಕೋಲಕ್ಕೆ ಹೋಗಲಾಗದ ಅಣ್ಣ. ಅವರ ಕೈ ಹಿಡಿದು ಸರಿಯಾದ ಜಾಗದಲ್ಲಿ ಸೂಜಿ ಹಾಕುವುದು ನನ್ನ ಯಜ್ಞ ಅಂತ ನಾನು ನಂಬಿದ್ದೇನೆ. ಭಾನುವಾರದ ಆರಾಧನೆ ಇದರಿಂದ ಕಡಿಮೆಯಾಗುವುದಿಲ್ಲ. ಹೊತ್ತು ತರಲಿಕ್ಕೆ ಮಣ್ಣು ಸಿಗುವುದು ಅಲ್ಲೇ ತಾನೇ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಎಲೀಷ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಅವನ ಸೇವಕ ಗೇಹಜಿ ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ತಂದು ಬಚ್ಚಿಟ್ಟ. ಪ್ರಸಂಗಗಳಲ್ಲಿ ಈ ಭಾಗ ಬೇಗ ದಾಟಿಹೋಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದನ್ನು ನಿಧಾನವಾಗಿ ಓದಬೇಕು. ಒಂದು ಯಂತ್ರ ಖಾಲಿ ಅಂತ ಸುದ್ದಿ ಹಬ್ಬಿದರೆ ಸಾಕು, ಫೋನ್ ಮೇಲೆ ಫೋನ್. ಮಡಚಿದ ನೋಟನ್ನು ಅಂಗೈಗೆ ಒತ್ತುವವರೂ ಇದ್ದಾರೆ. ಅವರು ಕೆಟ್ಟವರಲ್ಲ, ಹೆದರಿದವರು. ನಾನು ತೆಗೆದುಕೊಂಡರೆ ಪಟ್ಟಿಯಲ್ಲಿ ಮುಂದೆ ಇರುವ, ಕೊಡಲು ಏನೂ ಇಲ್ಲದ ಇನ್ನೊಬ್ಬರ ಸರದಿ ಹೋಗುತ್ತದೆ. ಮನೆಯ ಕದಳಿ ಬಾಳೆಹಣ್ಣು ತಂದರೆ ಎಲ್ಲ ಸಿಬ್ಬಂದಿ ಹಂಚಿಕೊಂಡು ತಿನ್ನುತ್ತೇವೆ. ಹಣ ಮಾತ್ರ ಎಷ್ಟು ಸಣ್ಣದಾದರೂ ವಾಪಸ್ಸು.

ಈಗ ಕಾಯುವವರ ಪಟ್ಟಿಯನ್ನು ಬಾಗಿಲ ಪಕ್ಕದ ಗೋಡೆಗೇ ಅಂಟಿಸಿದ್ದೇವೆ. ಹೆಸರಿಲ್ಲ, ನಂಬರ್ ಮತ್ತು ಬಂದ ತಾರೀಕು ಮಾತ್ರ. ಡಾಕ್ಟರ್ ತುರ್ತು ಅಂತ ಬರೆದುಕೊಟ್ಟರೆ ಕೆಂಪು ಪೆನ್ನಿನಲ್ಲಿ ಮೇಲೆ ಹೋಗುತ್ತದೆ, ಬೇರೆ ಯಾವುದಕ್ಕೂ ಇಲ್ಲ. ಬೇರೆ ಕಡೆ ಡಯಾಲಿಸಿಸ್ ವಿಭಾಗದಲ್ಲಿ ಇರುವವರು ಇದನ್ನೊಮ್ಮೆ ಮಾಡಿ ನೋಡಿ. ಫೋನುಗಳು ಕಡಿಮೆಯಾಗುತ್ತವೆ.